ಒಂದೇ ಕೋಟೆಯೊಳಗಿನ ಮಾತುಕತೆ: ಸಿ ಭಾಷೆಯಲ್ಲಿ ಪುಟ್ಟ ಸಾಕೆಟ್ ಕ್ಲೈಂಟ್

ಚಿತ್ರದುರ್ಗ: ಗಣಕಯಂತ್ರಗಳ ನಡುವಿನ ಸಂಪರ್ಕ ಎಂದೊಡನೆ ನೆನಪಾಗುವುದು ಅಂತರಜಾಲ. ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಮಾಹಿತಿ ಹರಿಯುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಂದೇ ಯಂತ್ರದೊಳಗೆ ನಡೆಯುವ ಮಾತುಕತೆಯ ಪ್ರಮಾಣವೂ ಕಡಿಮೆಯೇನಲ್ಲ. ಮುದ್ರಣಕ್ಕೆ ಆದೇಶ ಹೋಗುವಾಗ, ದತ್ತಸಂಚಯದಿಂದ ಪಹಣಿಯ ವಿವರ ತೆಗೆಯುವಾಗ, ಆಂಡ್ರಾಯ್ಡ್ ಮೊಬೈಲಿನಲ್ಲಿ ಹೊಸ ಆ್ಯಪ್ ತೆರೆದುಕೊಳ್ಳುವಾಗ ಒಂದು ಪ್ರೋಗ್ರಾಮ್ ಮತ್ತೊಂದು ಪ್ರೋಗ್ರಾಮಿನೊಡನೆ ಸದ್ದಿಲ್ಲದೆ ಸಂಭಾಷಿಸುತ್ತಿರುತ್ತದೆ. ಇಂತಹ ಸಂಭಾಷಣೆಗೆ ಬಳಕೆಯಾಗುವ ಸಾಧನಗಳಲ್ಲಿ ಮುಖ್ಯವಾದದ್ದು ‘ಸ್ಥಳೀಯ ಸಾಕೆಟ್’. ‘ಯುನಿಕ್ಸ್ ಡೊಮೇನ್ ಸಾಕೆಟ್’ ಎಂಬುದು ಇದರ ರೂಢಿಯ ಹೆಸರು.

ಈ ಸಾಕೆಟ್ಟಿನ ಮೂಲಕ ಪ್ರಶ್ನೆ ಕೇಳಿ ಉತ್ತರ ಪಡೆಯುವ ಪುಟ್ಟ ಕ್ಲೈಂಟ್ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವುದು ಒಂದು ಸಂಜೆಯ ಕೆಲಸ. ಅದನ್ನು ನಂಬಬಹುದಾದ ರೀತಿಯಲ್ಲಿ ಬರೆಯುವುದಕ್ಕೆ ಮಾತ್ರ ಇನ್ನಷ್ಟು ಎಚ್ಚರ ಬೇಕು. ಪ್ರಶ್ನೋತ್ತರ ಕನ್ನಡದಲ್ಲಿ ನಡೆಯಬೇಕಾದರಂತೂ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದ ಕೆಲವು ತೊಡಕುಗಳು ಎದುರಾಗುತ್ತವೆ.

ಸ್ಥಳೀಯ ಸಾಕೆಟ್ ಎಂದರೇನು?

ಸಾಕೆಟ್ ಎಂಬ ಕಲ್ಪನೆ ವ್ಯಾಪಕ ಬಳಕೆಗೆ ಬಂದದ್ದು 1983ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರ ಹೊರತಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಅದು ಅಳವಟ್ಟಿತ್ತು. ಅಂತರಜಾಲದ ಸಾಕೆಟ್ಟಿಗೆ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ ಬೇಕು. ಸ್ಥಳೀಯ ಸಾಕೆಟ್ಟಿಗೆ ಇವೆರಡೂ ಬೇಡ. ಕಡತ ವ್ಯವಸ್ಥೆಯಲ್ಲಿ ಒಂದು ಕಡತದ ಹೆಸರೇ ಅದರ ವಿಳಾಸ. ಸರ್ವರ್ ಪ್ರೋಗ್ರಾಮ್ ಆ ಹೆಸರಿನಲ್ಲಿ ಕಾದು ಕುಳಿತಿರುತ್ತದೆ, ಕ್ಲೈಂಟ್ ಆ ಹೆಸರನ್ನು ಹುಡುಕಿಕೊಂಡು ಬಂದು ಬಾಗಿಲು ತಟ್ಟುತ್ತದೆ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಂಡವರಿಗೆ ಈ ವ್ಯತ್ಯಾಸ ಸುಲಭವಾಗಿ ಮನದಟ್ಟಾಗುತ್ತದೆ. ಅಂತರಜಾಲದ ಪೋರ್ಟ್ ಹೊರಸುತ್ತಿನ ಮಹಾದ್ವಾರವಿದ್ದಂತೆ. ಹೆದ್ದಾರಿಯಲ್ಲಿ ಹಾದುಹೋಗುವ ಯಾರು ಬೇಕಾದರೂ ಅದರ ಮುಂದೆ ಬಂದು ನಿಲ್ಲಬಹುದು. ಸ್ಥಳೀಯ ಸಾಕೆಟ್ ಒಳಸುತ್ತಿನ ಎರಡು ಅಂಗಳಗಳ ನಡುವಿನ ಬಾಗಿಲು. ಕೋಟೆಯೊಳಗೆ ಇರುವವರಿಗೆ ಮಾತ್ರ ಅದು ತೆರೆಯುತ್ತದೆ. ಜಾಲದ ಪದರಗಳನ್ನು ಹಾಯಬೇಕಿಲ್ಲವಾದ್ದರಿಂದ ವೇಗವೂ ಹೆಚ್ಚು.

ಮೈಎಸ್‌ಕ್ಯೂಎಲ್ ದತ್ತಸಂಚಯ ಬಳಸುವವರು ಇದನ್ನು ಅರಿಯದೆಯೇ ಬಳಸಿರುತ್ತಾರೆ. ಲಿನಕ್ಸ್‌ನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಕೊಟ್ಟರೆ ಮೈಎಸ್‌ಕ್ಯೂಎಲ್ ಕ್ಲೈಂಟ್ ಸ್ಥಳೀಯ ಸಾಕೆಟ್ ಮೂಲಕ ಹೋಗುತ್ತದೆ, 127.0.0.1 ಎಂದು ಕೊಟ್ಟರೆ ಟಿಸಿಪಿ ಮಾರ್ಗ ಹಿಡಿಯುತ್ತದೆ. ಎರಡೂ ಒಂದೇ ಎಂದು ಭಾವಿಸಿ, ಒಂದು ಕೆಲಸ ಮಾಡಿ ಇನ್ನೊಂದು ಕೈಕೊಟ್ಟಾಗ ತಬ್ಬಿಬ್ಬಾಗುವವರು ಬಹಳ. ವಿಂಡೋಸ್ 10ರಲ್ಲಿಯೂ 2018ರ ಆವೃತ್ತಿಯಿಂದ ಈ ಸೌಲಭ್ಯ ದೊರೆಯುತ್ತಿದೆ.

ನಾಲ್ಕು ತಾಲ್ಲೂಕು, ಒಂದು ಪ್ರಶ್ನೆ

ವಿವರಣೆಯ ಅನುಕೂಲಕ್ಕಾಗಿ ಒಂದು ಉದಾಹರಣೆ. ಚಿತ್ರದುರ್ಗ ಜಿಲ್ಲೆ ಬರಕ್ಕೆ ಹೆಸರಾದದ್ದು. ಹಿರಿಯೂರು ಬಳಿ ವೇದಾವತಿಗೆ ಕಟ್ಟಿರುವ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂದರೆ 89 ವರ್ಷಗಳ ತರುವಾಯ. ಇಂತಹ ಸೀಮೆಯಲ್ಲಿ ಮಳೆಯ ಲೆಕ್ಕಕ್ಕೆ ಎಲ್ಲಿಲ್ಲದ ಮಹತ್ವ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ.

ಒಂದು ಗಣಕಯಂತ್ರದಲ್ಲಿ ಮಳೆಯ ದಾಖಲೆಗಳನ್ನು ಇರಿಸಿಕೊಂಡ ಸರ್ವರ್ ಪ್ರೋಗ್ರಾಮ್ ಇದೆ ಎಂದು ಭಾವಿಸೋಣ. ಅದೇ ಯಂತ್ರದಲ್ಲಿ ‘ಮಳೆ’ ಎಂಬ ಹೆಸರಿನ ಕಮಾಂಡ್ ಲೈನ್ ಕ್ಲೈಂಟ್ ಬರೆಯಬೇಕು. ಬಳಕೆದಾರ ಟರ್ಮಿನಲ್‌ನಲ್ಲಿ ‘ಮಳೆ ಹಿರಿಯೂರು’ ಎಂದು ಬರೆದು ಎಂಟರ್ ಒತ್ತಿದರೆ ತಾಲ್ಲೂಕಿನ ಹೆಸರು, ದಿನಾಂಕ ಹಾಗೂ ಮಿಲಿಮೀಟರ್ ಲೆಕ್ಕದ ಮಳೆ ಒಂದು ಸಾಲಿನಲ್ಲಿ ಮೂಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಹೆಸರುಗಳಿಗೆ ಸರಿಯಾದ ಉತ್ತರ ಬಂದರೆ ಕೆಲಸ ಮುಗಿದಂತೆ. ನೋಡಲು ಇಷ್ಟೇ. ಆದರೆ ಈ ನಾಲ್ಕರಲ್ಲಿ ಎರಡು ಹೆಸರು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಕಾರಣವನ್ನು ಮುಂದೆ ನೋಡಬಹುದು.

ಐದು ಹೆಜ್ಜೆಗಳು

ಕ್ಲೈಂಟ್ ಕೆಲಸ ಐದು ಹೆಜ್ಜೆಗಳಲ್ಲಿ ನಡೆಯುತ್ತದೆ. ಇದಕ್ಕೂ ಮೊದಲು ಬಳಕೆದಾರ ತಾಲ್ಲೂಕಿನ ಹೆಸರು ಕೊಟ್ಟಿದ್ದಾನೆಯೇ ಎಂದು ಪರೀಕ್ಷಿಸಬೇಕು. ಕೊಡದಿದ್ದರೆ ಬಳಸುವ ಕ್ರಮವನ್ನು ದೋಷಗಳಿಗೆಂದೇ ಇರುವ ಹೊರದಾರಿಯಲ್ಲಿ ತಿಳಿಸಿ ನಿರ್ಗಮಿಸಬೇಕು.

ಮೊದಲ ಹೆಜ್ಜೆ ‘ಸಾಕೆಟ್’ ಕರೆ. ಸ್ಥಳೀಯ ವರ್ಗದ, ನಿರಂತರ ಹರಿವಿನ ಸಾಕೆಟ್ ಬೇಕೆಂದು ಕೇಳಿದರೆ ಕಾರ್ಯಾಚರಣೆ ವ್ಯವಸ್ಥೆ ಒಂದು ಚಿಕ್ಕ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. 0, 1, 2 ಈ ಮೂರು ಸಂಖ್ಯೆಗಳು ಒಳಬರುವ, ಹೊರಹೋಗುವ ಮತ್ತು ದೋಷದ ದಾರಿಗಳಿಗೆ ಮೊದಲೇ ಮೀಸಲಾಗಿರುವುದರಿಂದ ಸಾಮಾನ್ಯವಾಗಿ ಸಿಗುವುದು 3. ಉತ್ತರ ಮೈನಸ್ 1 ಆಗಿದ್ದರೆ ವಿಫಲವೆಂದು ಅರ್ಥ.

ಎರಡನೆಯದು ವಿಳಾಸ ತುಂಬುವುದು. ವಿಳಾಸದ ಸ್ಟ್ರಕ್ಚರ್ ಅನ್ನು ಮೊದಲು ಸೊನ್ನೆಗಳಿಂದ ತುಂಬಿ, ನಂತರ ವರ್ಗ ಮತ್ತು ಕಡತದ ಹಾದಿಯನ್ನು ಬರೆಯಬೇಕು. ಲಿನಕ್ಸ್‌ನಲ್ಲಿ ಹಾದಿಗೆ ಮೀಸಲಾದ ಜಾಗ 108 ಬೈಟ್ ಮಾತ್ರ. ಬಿಎಸ್‌ಡಿ ಮತ್ತು ಆ್ಯಪಲ್ ಗಣಕಗಳಲ್ಲಿ 104. ಉದ್ದವನ್ನು ಅಳೆಯದೆ ‘ಸ್ಟ್ರಿಂಗ್ ಕಾಪಿ’ ಮಾಡಿದರೆ ಪಕ್ಕದ ಸ್ಮೃತಿ ಹಾಳಾಗುತ್ತದೆ. ಕೊನೆಯ ಸೊನ್ನೆಗೆ ಒಂದು ಬೈಟ್ ಬಿಟ್ಟರೆ ಉಳಿಯುವುದು 107. ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ಕನ್ನಡದಲ್ಲೇ ಹಾದಿ ಬರೆಯುವುದಾದರೆ 35 ಸಂಕೇತಗಳಿಗೆ ಜಾಗ ಮುಗಿಯುತ್ತದೆ.

ಮೂರನೆಯದು ‘ಕನೆಕ್ಟ್’ ಕರೆ, ಎಂದರೆ ಬಾಗಿಲು ತಟ್ಟುವುದು. ನಾಲ್ಕನೆಯದು ಪ್ರಶ್ನೆಯನ್ನು ‘ರೈಟ್’ ಮೂಲಕ ಕಳುಹಿಸಿ ಉತ್ತರವನ್ನು ‘ರೀಡ್’ ಮೂಲಕ ಓದುವುದು. ಐದನೆಯದು ‘ಕ್ಲೋಸ್’ ಮಾಡಿ, ಫಲಿತಾಂಶಕ್ಕೆ ತಕ್ಕ ನಿರ್ಗಮನ ಸಂಖ್ಯೆಯೊಡನೆ ಹೊರಬರುವುದು.

ಬಾಗಿಲು ತೆರೆಯದಿದ್ದರೆ

‘ಕನೆಕ್ಟ್’ ವಿಫಲವಾಗುವುದಕ್ಕೆ ಪ್ರಮುಖವಾಗಿ ಮೂರು ಕಾರಣಗಳಿವೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬಂದರೆ ಬಾಗಿಲೇ ಇಲ್ಲ. ಸರ್ವರ್ ಇನ್ನೂ ಆರಂಭವಾಗಿಲ್ಲ ಅಥವಾ ಹಾದಿ ತಪ್ಪಾಗಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಬಾಗಿಲಿದೆ, ಒಳಗೆ ಯಾರೂ ಇಲ್ಲ. ‘ಪರ್ಮಿಷನ್ ಡಿನೈಡ್’ ಎಂದರೆ ಬಾಗಿಲೂ ಇದೆ, ಒಳಗೆ ಜನರೂ ಇರಬಹುದು, ಬಂದವನಿಗೆ ಪ್ರವೇಶವಿಲ್ಲ.

ಎರಡನೆಯ ಸ್ಥಿತಿ ಹೊಸಬರನ್ನು ಹೆಚ್ಚು ಕಾಡುತ್ತದೆ. ಸರ್ವರ್ ಹಠಾತ್ತಾಗಿ ಸತ್ತರೆ ಅದರ ಸಾಕೆಟ್ ಕಡತ ತಾನಾಗಿ ಅಳಿಯುವುದಿಲ್ಲ. ವಿದ್ಯುತ್ ಕೈಕೊಟ್ಟು ಯಂತ್ರ ಮತ್ತೆ ಚಾಲೂ ಆದಾಗಲೂ, ಕಡತ ಸಾಮಾನ್ಯ ಕಡತಕೋಶದಲ್ಲಿದ್ದರೆ ಹಾಗೆಯೇ ಉಳಿದಿರುತ್ತದೆ. ಆಧುನಿಕ ಲಿನಕ್ಸ್‌ನ ‘ರನ್’ ಕಡತಕೋಶ ಸ್ಮೃತಿಯಲ್ಲಿಯೇ ಇರುವುದರಿಂದ ಪ್ರತಿ ಬಾರಿ ಯಂತ್ರ ಆರಂಭವಾದಾಗ ಅದು ಖಾಲಿಯಾಗಿರುತ್ತದೆ. ಸರ್ವರ್‌ಗಳು ತಮ್ಮ ಸಾಕೆಟ್ಟನ್ನು ಅಲ್ಲಿ ಇರಿಸುವುದಕ್ಕೆ ಇದೂ ಒಂದು ಕಾರಣ. ಹಳೆಯ ಕಡತವನ್ನು ಅಳಿಸಿ ಹೊಸದನ್ನು ಸ್ಥಾಪಿಸುವುದು ಸರ್ವರ್‌ನ ಹೊಣೆ. ಕ್ಲೈಂಟ್ ಎಂದಿಗೂ ಅದಕ್ಕೆ ಕೈ ಹಾಕಬಾರದು.

ಮೂರೂ ಸ್ಥಿತಿಗಳಿಗೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಒಂದೇ ಸಂದೇಶ ಮುದ್ರಿಸುವ ಕ್ಲೈಂಟ್ ಬಳಕೆದಾರನಿಗೆ ಯಾವ ನೆರವನ್ನೂ ಕೊಡದು. ಹಾದಿಯ ಹೆಸರು ಮತ್ತು ವ್ಯವಸ್ಥೆ ನೀಡಿದ ಕಾರಣ ಎರಡನ್ನೂ ತಿಳಿಸಿದರೆ ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ.

ಹೊಳೆಯಂತೆ ಹರಿಯುವ ಬೈಟ್‌ಗಳು

ಸಾಕೆಟ್ಟಿನಲ್ಲಿ ಮಾಹಿತಿ ಅಂಚೆ ಲಕೋಟೆಗಳಂತೆ ಬಿಡಿಬಿಡಿಯಾಗಿ ಸಾಗುತ್ತದೆ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಹರಿವಿನ ಮಾದರಿಯ ಸಾಕೆಟ್ ನಾಲೆಯ ನೀರಿನಂತೆ. ಒಂದು ಕಡೆ ಎರಡು ಕೊಡ ಸುರಿದರೆ ಇನ್ನೊಂದು ಕಡೆ ಅದು ಎರಡೇ ಕೊಡವಾಗಿ ಬರಬೇಕೆಂಬ ನಿಯಮವಿಲ್ಲ. ಕಳುಹಿಸುವಾಗ ‘ರೈಟ್’ ಕೊಟ್ಟಷ್ಟನ್ನೂ ಸ್ವೀಕರಿಸದೆ ಒಂದು ಭಾಗವನ್ನು ಮಾತ್ರ ಸ್ವೀಕರಿಸಬಹುದು. ಓದುವಾಗ ‘ರೀಡ್’ ಅರ್ಧ ಸಾಲನ್ನಷ್ಟೇ ತರಬಹುದು. ಆದ್ದರಿಂದ ಎರಡನ್ನೂ ಲೂಪಿನೊಳಗೆ ಇರಿಸಿ, ಎಷ್ಟು ಬೈಟ್ ಸಾಗಿದವು ಎಂದು ಪ್ರತಿ ಸುತ್ತಿನಲ್ಲಿ ಲೆಕ್ಕ ಹಾಕಬೇಕು.

ಮಾತು ಎಲ್ಲಿಗೆ ಮುಗಿಯಿತು ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಪ್ರತಿ ಪ್ರಶ್ನೆ ಮತ್ತು ಉತ್ತರದ ಕೊನೆಗೆ ‘ಹೊಸ ಸಾಲು’ ಸಂಕೇತ ಇರಬೇಕೆಂಬುದು ಅತ್ಯಂತ ಸರಳ ಒಪ್ಪಂದ. ಇದನ್ನು ಕಳುಹಿಸಲು ಕ್ಲೈಂಟ್ ಮರೆತರೆ ಪ್ರಶ್ನೆ ಇನ್ನೂ ಮುಗಿದಿಲ್ಲವೆಂದು ಸರ್ವರ್ ಕಾಯುತ್ತದೆ. ಉತ್ತರ ಬರಲೆಂದು ಕ್ಲೈಂಟ್ ಕಾಯುತ್ತದೆ. ಇಬ್ಬರೂ ‘ನೀವು ಮೊದಲು, ನೀವು ಮೊದಲು’ ಎಂದು ಬಾಗಿಲಲ್ಲೇ ನಿಂತಂತಾಗುತ್ತದೆ. ದೋಷ ಸಂದೇಶವೂ ಇಲ್ಲ, ಫಲಿತಾಂಶವೂ ಇಲ್ಲ. ಇಂತಹ ಸ್ಥಿತಿಯಿಂದ ಪಾರಾಗಲು ಕೆಲವು ಸೆಕೆಂಡುಗಳ ಕಾಲಮಿತಿಯನ್ನು ವಿಧಿಸಿಕೊಳ್ಳುವುದು ಕ್ಷೇಮ.

‘ರೀಡ್’ 0 ಎಂದು ಉತ್ತರಿಸಿದರೆ ಎದುರಿನವರು ಬಾಗಿಲು ಮುಚ್ಚಿದರೆಂದು ಅರ್ಥ. ‘ಹೊಸ ಸಾಲು’ ಬರುವ ಮೊದಲೇ 0 ಬಂದರೆ ಉತ್ತರ ಅಪೂರ್ಣ. ಅದನ್ನು ಪೂರ್ಣ ಉತ್ತರವೆಂದು ತೋರಿಸುವುದು ದೊಡ್ಡ ತಪ್ಪು: ‘12’ ಎಂದು ಕಂಡದ್ದು ‘12.5’ ಎಂಬುದರ ತುಂಡಾಗಿರಬಹುದು, ‘124’ರ ತುಂಡೂ ಆಗಿರಬಹುದು.

ಎದುರಿನವರು ಮುಚ್ಚಿದ ಮೇಲೆ ಬರೆಯಲು ಹೋದರೆ ‘ಸಿಗ್‌ಪೈಪ್’ ಎಂಬ ಸಂಕೇತ ಬಂದು ಕ್ಲೈಂಟ್ ಒಂದು ಮಾತೂ ಆಡದೆ ಸಾಯುತ್ತದೆ. ಆ ಸಂಕೇತವನ್ನು ಮೊದಲೇ ಕಡೆಗಣಿಸುವಂತೆ ಹೇಳಿದ್ದರೆ ಸಾಮಾನ್ಯ ದೋಷವಾಗಿ ಅದು ಕೈಗೆ ಸಿಗುತ್ತದೆ, ಬಳಕೆದಾರನಿಗೆ ಕಾರಣ ತಿಳಿಸಬಹುದು.

ಎರಡು ಬಗೆಯ ‘ಹೊ’

ಈಗ ಕನ್ನಡದ ಪ್ರಶ್ನೆಗೆ ಬರಬಹುದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ತಗಲುತ್ತವೆ. ‘ಹ’ ಎಂಬುದು 224, 178, 185 ಎಂಬ ಮೂರು ಸಂಖ್ಯೆಗಳಾಗಿ ಸಾಗುತ್ತದೆ. ಗುಣಿತದ ಚಿಹ್ನೆಗೂ ಒತ್ತಕ್ಷರ ತರುವ ಅರ್ಧಾಕ್ಷರ ಚಿಹ್ನೆಗೂ ಪ್ರತ್ಯೇಕ ಸಂಕೇತವಿದೆ. ಹಾಗಾಗಿ ಓದುವವರಿಗೆ ನಾಲ್ಕು ಅಕ್ಷರವಾಗಿ ಕಾಣುವ ‘ಚಿತ್ರದುರ್ಗ’ ಯಂತ್ರಕ್ಕೆ 10 ಸಂಕೇತ, 30 ಬೈಟ್. ‘ಹಿರಿಯೂರು’ 8 ಸಂಕೇತ, 24 ಬೈಟ್.

64 ಬೈಟ್‌ಗಳ ತಾತ್ಕಾಲಿಕ ಜಾಗದಲ್ಲಿ ಓದುವ ಕ್ಲೈಂಟ್ ಬಿಡುವಿಲ್ಲದ ಕನ್ನಡ ಪಠ್ಯದ 21 ಸಂಕೇತಗಳನ್ನು ಪೂರ್ಣವಾಗಿ ಪಡೆದು 22ನೆಯದರ ಮೂರನೇ ಒಂದು ಭಾಗವನ್ನು ಮಾತ್ರ ಪಡೆಯುತ್ತದೆ. ಬಂದ ಬೈಟ್‌ಗಳನ್ನು ಹಾಗೆಯೇ ಪರದೆಗೆ ದಾಟಿಸಿದರೆ ತೊಂದರೆಯಿಲ್ಲ. ಉಳಿದ ಎರಡು ಬೈಟ್ ಬಂದೊಡನೆ ಅಕ್ಷರ ಕೂಡಿಕೊಳ್ಳುತ್ತದೆ. ಪ್ರತಿ ತುಂಡಿನ ಕೊನೆಗೆ ಏನಾದರೂ ಸೇರಿಸಿದರೆ ಅಥವಾ ತುಂಡನ್ನೇ ಪೂರ್ಣ ಪಠ್ಯವೆಂದು ಸಂಸ್ಕರಿಸಿದರೆ ಅಕ್ಷರ ಒಡೆದು ಪ್ರಶ್ನಾರ್ಥಕ ಚೌಕಗಳಾಗುತ್ತದೆ.

ಇದಕ್ಕಿಂತ ಗಂಭೀರವಾದ ಸಮಸ್ಯೆ ಹೊಸದುರ್ಗ ಮತ್ತು ಹೊಳಲ್ಕೆರೆಯದು. ಎರಡೂ ‘ಹೊ’ ಅಕ್ಷರದಿಂದ ಆರಂಭವಾಗುತ್ತವೆ. ಯುನಿಕೋಡ್‌ನಲ್ಲಿ ‘ಒ’ಕಾರದ ಚಿಹ್ನೆಯನ್ನು ಎರಡು ಬಗೆಯಲ್ಲಿ ಬರೆಯಲು ಅವಕಾಶವಿದೆ: ಒಂದೇ ಇಡಿಯ ಸಂಕೇತವಾಗಿ, ಅಥವಾ ‘ಎ’ಕಾರ ಮತ್ತು ‘ಊ’ಕಾರದ ಚಿಹ್ನೆಗಳನ್ನು ಒಂದರ ಮುಂದೊಂದು ಇರಿಸಿ. ಪರದೆಯ ಮೇಲೆ ಎರಡೂ ಒಂದೇ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ತೋರದು. ಬೈಟ್‌ಗಳು ಮಾತ್ರ ಬೇರೆ. ಮೊದಲ ರೂಪದಲ್ಲಿ ‘ಹೊಸದುರ್ಗ’ 24 ಬೈಟ್, ಎರಡನೆಯದರಲ್ಲಿ 27. ಸಿ ಭಾಷೆಯ ‘ಸ್ಟ್ರಿಂಗ್ ಕಂಪೇರ್’ ಕೇವಲ ಬೈಟ್‌ಗಳನ್ನು ಹೋಲಿಸುವುದರಿಂದ ಇವೆರಡೂ ಅದಕ್ಕೆ ಬೇರೆ ಬೇರೆ ಊರುಗಳು.

ಹೊಳಲ್ಕೆರೆಯ ಪಾಡು ಇನ್ನೂ ಸೂಕ್ಷ್ಮ. ‘ಲ್ಕೆ’ ಒತ್ತಕ್ಷರವಾಗಿ ಮೂಡದೆ ‘ಲ್’ ಮತ್ತು ‘ಕೆ’ ಬಿಡಿಯಾಗಿ ಕಾಣಲೆಂದು ಕೆಲವರು ನಡುವೆ ‘ಶೂನ್ಯ ಅಗಲದ’ ಅದೃಶ್ಯ ಸಂಕೇತವೊಂದನ್ನು ಸೇರಿಸುತ್ತಾರೆ. ಅದಕ್ಕೂ 3 ಬೈಟ್. ಸಾಮಾನ್ಯ ರೂಪದಲ್ಲಿ 27 ಬೈಟ್ ಇರುವ ಹೆಸರು ಬಿಡಿಸಿದ ‘ಒ’ಕಾರದಿಂದ 30 ಆಗುತ್ತದೆ, ಅದೃಶ್ಯ ಸಂಕೇತದಿಂದಲೂ 30 ಆಗುತ್ತದೆ, ಎರಡೂ ಸೇರಿದರೆ 33. ಉದ್ದ ಒಂದೇ ಇದ್ದರೂ ಒಳಗಿನ ಬೈಟ್‌ಗಳು ಬೇರೆಯಾಗಿರುವ ಸಂದರ್ಭವೂ ಇದರಲ್ಲಿ ಸೇರಿದೆ.

ಇದು ಪುಸ್ತಕದ ಬದನೆಕಾಯಿಯಲ್ಲ. ಆ್ಯಪಲ್ ಸಂಸ್ಥೆಯ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಉಳಿಸುತ್ತಿತ್ತು. ಅಲ್ಲಿಂದ ನಕಲಾಗಿ ಬಂದ ಹೆಸರು ಸರ್ವರ್‌ನಲ್ಲಿರುವ ಇಡಿಯ ರೂಪಕ್ಕೆ ಹೊಂದುವುದಿಲ್ಲ. ಕಡತಗಳು ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತಗಳಲ್ಲಿದ್ದರೆ ನಾಲ್ಕೂ ಊರುಗಳ ಹೆಸರು ಯುನಿಕೋಡ್‌ಗೆ ಸಂಪೂರ್ಣ ಅಪರಿಚಿತ.

ಪರಿಹಾರ ಎರಡು. ಹೆಸರನ್ನು ಕಳುಹಿಸುವ ಮೊದಲು ಯುನಿಕೋಡ್ ಕೂಟ ನಿಗದಿಪಡಿಸಿರುವ ‘ಎನ್‌ಎಫ್‌ಸಿ’ ರೂಪಕ್ಕೆ ತರುವುದು ಒಂದು. ಐಸಿಯು ಅಥವಾ ಜಿಲಿಬ್ ಎಂಬ ಮುಕ್ತ ಗ್ರಂಥಾಲಯಗಳು ಈ ಕೆಲಸ ಮಾಡಿಕೊಡುತ್ತವೆ. ಇದು ‘ಒ’ಕಾರವನ್ನು ಸರಿಪಡಿಸುತ್ತದೆಯೇ ಹೊರತು ಅದೃಶ್ಯ ಸಂಕೇತವನ್ನು ತೆಗೆಯುವುದಿಲ್ಲ, ಅದನ್ನು ಕ್ಲೈಂಟ್ ಪ್ರತ್ಯೇಕವಾಗಿ ಸೋಸಬೇಕು. ಸಾಕೆಟ್ಟಿನಲ್ಲಿ ಹೆಸರನ್ನು ಸಾಗಿಸದೆ ಸಂಖ್ಯೆಯನ್ನು ಸಾಗಿಸುವುದು ಇನ್ನೊಂದು ದಾರಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ತಾಲ್ಲೂಕುಗಳಿಗೂ ಗ್ರಾಮಗಳಿಗೂ ಸಂಖ್ಯೆ ಕೊಟ್ಟಿದೆ. ಹೆಸರು ಓದುವವರಿಗೆ, ಸಂಖ್ಯೆ ಯಂತ್ರಕ್ಕೆ.

ಮಳೆ ಇಲ್ಲವೋ, ಮಾಹಿತಿ ಇಲ್ಲವೋ?

ಹೆಸರು ಹೊಂದದಿದ್ದಾಗ ಏನಾಗುತ್ತದೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಎಚ್ಚರವಿಲ್ಲದೆ ಬರೆದ ಸರ್ವರ್ ‘ದಾಖಲೆ ಸಿಗಲಿಲ್ಲ’ ಎನ್ನುವ ಬದಲು ಖಾಲಿ ಸಾಲು ಕಳುಹಿಸಬಹುದು. ಕ್ಲೈಂಟ್ ಆ ಖಾಲಿ ಸಾಲನ್ನು ಸಂಖ್ಯೆಗೆ ಪರಿವರ್ತಿಸಲು ‘ಎಟಾಯ್’ ಬಳಸಿದರೆ ಸಿಗುವುದು 0. ಪರದೆಯ ಮೇಲೆ ಹೊಳಲ್ಕೆರೆಗೆ ಸೊನ್ನೆ ಮಿಲಿಮೀಟರ್ ಮಳೆ! ಅಲ್ಲಿ ಹದವಾದ ಮಳೆ ಬಿದ್ದಿದ್ದರೂ ವರದಿಯಲ್ಲಿ ಬರ. ಇದೇ ಸಾಲು ಮುಂದೆ ಪಟ್ಟಿಗೆ ಸೇರಿ, ಪಟ್ಟಿ ಸರಾಸರಿಗೆ ಸೇರಿದರೆ ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವುದು ಕಷ್ಟ. ಮಳೆ ಬಾರದಿರುವುದು ಒಂದು ಸಂಗತಿ. ಮಳೆಯ ಲೆಕ್ಕ ದೊರೆಯದಿರುವುದು ಬೇರೆಯೇ ಸಂಗತಿ. ಬರಪೀಡಿತ ಪ್ರದೇಶದಲ್ಲಿ ಇವೆರಡನ್ನು ಕಲಸುವಂತಿಲ್ಲ.

ಆದ್ದರಿಂದ ಉತ್ತರದ ಸಾಲು ‘ಸರಿ’ ಅಥವಾ ‘ತಪ್ಪು’ ಎಂಬ ಸ್ಪಷ್ಟ ಪದದಿಂದ ಆರಂಭವಾಗಬೇಕೆಂದು ನಿಗದಿಪಡಿಸುವುದು ಉಚಿತ. ಅಂಕಿಯನ್ನು ಓದಲು ‘ಎಟಾಯ್’ ಬದಲು ‘ಸ್ಟ್ರಟಾಡ್’ ಬಳಸಿ, ಅಂಕಿ ನಿಜವಾಗಿ ದೊರೆಯಿತೇ ಎಂದು ಪರೀಕ್ಷಿಸಬೇಕು. ಕ್ಲೈಂಟ್‌ನ ನಿರ್ಗಮನ ಸಂಖ್ಯೆಯೂ ಇದನ್ನೇ ಹೇಳಬೇಕು: ಉತ್ತರ ದೊರೆತರೆ 0, ದಾಖಲೆ ಇಲ್ಲದಿದ್ದರೆ 1, ಸಂಪರ್ಕವೇ ಸಾಧ್ಯವಾಗದಿದ್ದರೆ 2. ರಾತ್ರಿ ತಾನಾಗಿ ನಡೆಯುವ ಸ್ಕ್ರಿಪ್ಟ್‌ಗಳು ಮನುಷ್ಯರಂತೆ ಪರದೆಯ ಸಂದೇಶವನ್ನು ಓದುವುದಿಲ್ಲ. ಅವು ನಂಬುವುದು ಈ ಸಂಖ್ಯೆಯನ್ನು.

ಕಿಂಡಿಗೆ ಕಾವಲು

ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯೊಂದನ್ನು ಕಂಡುಕೊಂಡು ನುಸುಳಿದಾಗ ಒನಕೆ ಹಿಡಿದು ನಿಂತ ಓಬವ್ವನ ಕಥೆ ನಾಡಿನ ಮಕ್ಕಳಿಗೂ ಗೊತ್ತು. ಒಳಗಿನ ಬಾಗಿಲೆಂದ ಮಾತ್ರಕ್ಕೆ ಕಾವಲು ಬೇಡವೆನ್ನಲಾಗದು. ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ ಯಾರು ಬೇಕಾದರೂ ಸಾಕೆಟ್ಟಿಗೆ ಬರೆಯುವಂತಿದ್ದರೆ ಅಪಾಯ.

ಲಿನಕ್ಸ್‌ನಲ್ಲಿ ಸಂಪರ್ಕಿಸಲು ಸಾಕೆಟ್ ಕಡತಕ್ಕೆ ಬರೆಯುವ ಅನುಮತಿಯೂ ಅದು ಇರುವ ಕಡತಕೋಶದೊಳಗೆ ಪ್ರವೇಶಿಸುವ ಅನುಮತಿಯೂ ಇರಬೇಕು. ಕಡತಕ್ಕೆ 0660, ಕಡತಕೋಶಕ್ಕೆ 0750 ಅನುಮತಿ ಕೊಟ್ಟರೆ ಮಾಲೀಕ ಮತ್ತು ಆ ಗುಂಪಿನವರು ಹೊರತು ಉಳಿದವರು ಬರಲಾರರು. ಜೊತೆಗೆ, ಬಂದವರು ಯಾವ ಬಳಕೆದಾರರು, ಯಾವ ಪ್ರಕ್ರಿಯೆ ಎಂದು ಸರ್ವರ್ ನೇರವಾಗಿ ಕರ್ನೆಲ್ಲನ್ನೇ ಕೇಳಬಹುದು. ಅಂತರಜಾಲದ ಸಾಕೆಟ್ಟಿಗೆ ಇಲ್ಲದ ಅನುಕೂಲವಿದು. ಡಾಕರ್ ತಂತ್ರಾಂಶ ತನ್ನ ಆದೇಶಗಳನ್ನು ಸ್ವೀಕರಿಸುವುದು ಇಂತಹದೇ ಸಾಕೆಟ್ ಮೂಲಕ. ಸಾಮಾನ್ಯ ಅಳವಡಿಕೆಯಲ್ಲಿ ಅದಕ್ಕೆ ಬರೆಯುವ ಅನುಮತಿ ಪಡೆದವರು ಇಡೀ ಯಂತ್ರದ ಒಡೆಯರಾದಂತೆಯೇ ಸರಿ. ಅನುಮತಿಗಳನ್ನು ಸಡಿಲಿಸಿ ‘ಈಗ ಕೆಲಸ ಮಾಡುತ್ತಿದೆ’ ಎಂದು ಸಮಾಧಾನಪಡುವುದು ಕಿಂಡಿಯನ್ನು ತೆರೆದಿಟ್ಟು ಮಲಗಿದಂತೆ.

ಕಲಿಯುವವರಿಗೆ

ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಮಹಾವಿದ್ಯಾಲಯವೂ ಸೇರಿದಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳ ಗಣಕ ವಿಜ್ಞಾನ ವಿದ್ಯಾರ್ಥಿಗಳಿಗೆ ಸಾಕೆಟ್ ಹೊಸದಲ್ಲ. ಕ್ಲೈಂಟ್ ಕಡತದ ಹೆಸರು ಕಳುಹಿಸಿ, ಸರ್ವರ್ ಅದರ ಒಳಗಿನದನ್ನು ಮರಳಿಸುವ ಟಿಸಿಪಿ ಪ್ರಯೋಗ ಪಠ್ಯಕ್ರಮದಲ್ಲಿ ಹಲವು ವರ್ಷ ಇತ್ತು. ಆ ಪ್ರಯೋಗ ಬಲ್ಲವರು ವಿಳಾಸದ ಭಾಗವನ್ನು ಬದಲಿಸಿದರೆ ಸ್ಥಳೀಯ ಸಾಕೆಟ್ ಸಿದ್ಧ.

ಸರ್ವರ್ ಬರೆಯುವ ಮೊದಲೇ ಕ್ಲೈಂಟ್ ಪರೀಕ್ಷಿಸಲು ‘ಸೊಕ್ಯಾಟ್’ ಎಂಬ ಉಚಿತ ಸಾಧನ ನೆರವಾಗುತ್ತದೆ. ಒಂದು ಟರ್ಮಿನಲ್‌ನಲ್ಲಿ ಅದನ್ನು ಸರ್ವರ್‌ನಂತೆ ಕೂರಿಸಿ, ಉತ್ತರಗಳನ್ನು ಕೈಯಿಂದಲೇ ಬರೆಯಬಹುದು. ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿ ನೋಡಬೇಕು, ಉತ್ತರಿಸದೆಯೇ ಮುಚ್ಚಿ ನೋಡಬೇಕು, ಸುಮ್ಮನೆ ಕಾಯಿಸಿ ನೋಡಬೇಕು. ಕೊನೆಗೆ ಹೊಸದುರ್ಗ ಮತ್ತು ಹೊಳಲ್ಕೆರೆಯನ್ನು ಎಲ್ಲ ರೂಪಗಳಲ್ಲಿಯೂ ಕಳುಹಿಸಿ, ಪ್ರತಿ ಬಾರಿಯೂ ಒಂದೇ ಉತ್ತರ ಬರುತ್ತಿದೆಯೇ ಎಂದು ಪರಿಶೀಲಿಸಬೇಕು. ಚಿತ್ರದುರ್ಗ ಮತ್ತು ಹಿರಿಯೂರಿನಲ್ಲಿ ಮಾತ್ರ ಪರೀಕ್ಷಿಸಿ ಮುಗಿಸಿದ ಪ್ರೋಗ್ರಾಮ್ ಅರ್ಧ ದಾರಿಯಷ್ಟೇ ಸಾಗಿರುತ್ತದೆ.